ಸಂಚಿಯಲ್ಲಿ ಇನ್ನೊಂದಿದೆ

“ಒಳಗೇನಿದೆ ಹೇಳಿ ಅಜ್ಜಿ. ಸರಿಹೋದ್ರೆ ಮಾತ್ರ ಪರ್ಸು ನಿಮ್ದು,” ಎಂದ ಬಸ್ ನಿಲ್ದಾಣದಲ್ಲಿ ಮರೆತ ಸಾಮಾನುಗಳನ್ನು ಕಾಯುವ ಗುಮಾಸ್ತ.

“ಪರ್ಸಲ್ಲಪ್ಪ, ಸಂಚಿ. ನಾನೇ ಹೊಲಿದಿದ್ದು.” ಮನೆಯ ಬೀಗದಕೈ ಅದರಲ್ಲೇ ಇತ್ತು. ಅಜ್ಜಿ ಬೆರಳು ಮಡಿಸಿದರು. “ಬೀಗದಕೈ, ಕನ್ನಡಕ, ಒಂಟಿ ಗುಂಡಿ, ಸೂಜಿದಾರ. ಅಷ್ಟೇ.”

“ಇನ್ನೊಂದಿದೆ.”

ಅಜ್ಜಿಯ ಮುಖ ಸಣ್ಣದಾಯಿತು. ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಗುಮಾಸ್ತ ನಗುತ್ತ ಸಂಚಿಯಿಂದ ಒಂದು ಚೀಟಿ ತೆಗೆದು ಓದಿದ: “ಇದು ನಮ್ಮತ್ತೆಯ ಸಂಚಿ. ಮರೆತಿದ್ದಕ್ಕೆ ಬೈಯಬೇಡಿ. ಅವರಿಗೆ ಮಂಡಿನೋವಿದೆ, ಕೇಳಿದರೆ ಇಲ್ಲ ಅನ್ನುತ್ತಾರೆ. ದಯವಿಟ್ಟು ಮೊದಲು ಕುರ್ಚಿ ಕೊಡಿ. ಇಂತಿ, ಸೊಸೆ.”

“ಅಯ್ಯೋ ಇವಳ! ಯಾವಾಗ ತುರುಕಿದಳೋ!” ಅಜ್ಜಿಯ ಕಣ್ಣು ತುಂಬಿತು, ಗಂಟಲು ಮಾತ್ರ ಜೋರಾಗಿಯೇ ಇತ್ತು. “ನನಗ್ಯಾವ ಮಂಡಿನೋವೂ ಇಲ್ಲಪ್ಪ.”

ಗುಮಾಸ್ತ ಎದ್ದು ತನ್ನ ಕುರ್ಚಿಯನ್ನೇ ಹೊರಗೆ ತಂದಿಟ್ಟ.