ಪುಟ್ಟನಂಜಮ್ಮನವರ ಓಲೆ

ವಯಸ್ಸಾದವರ ನೆನಪೆಲ್ಲ ಈಗ ಕಿವಿಯೋಲೆಯ ಮಿಶ್ರಲೋಹದಲ್ಲಿ ಇರುತ್ತದೆ. ಪುಟ್ಟನಂಜಮ್ಮ ಹಬ್ಬಕ್ಕೆಂದು ತಮ್ಮ ಓಲೆಯನ್ನು ಚೆಂಬಿನ ಜೊತೆ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಿದ್ದರು. ಆಮೇಲೆ ಅವರಿಗೆ ಮಗಳ ಗುರುತೇ ಹತ್ತಲಿಲ್ಲ.

"ಅಳಿಸಿ ಹೊಸದಾಗಿ ತುಂಬಿಸೋಣ," ಎಂದರು ಇಂಥ ಓಲೆ ರಿಪೇರಿ ಮಾಡುವ ನಮ್ಮ ಲ್ಯಾಬಿನ ಹಿರಿಯರು.

"ಹೊಸದ್ರಲ್ಲಿ ನಾನ್ ಎಲ್ಲಿರ್ತೀನಿ ಸಾರ್?" ಎಂದಳು ಮಗಳು ಸೌಭಾಗ್ಯ.

ನಾನು ಓಲೆಗೆ ಎಕ್ಸ್-ರೇ ಬಿಟ್ಟು, ಯಾವ ಧಾತು ಯಾವುದಕ್ಕೆ ಅಂಟಿದೆ ಎಂದು ತಿಳಿಯಲು ಹೊರಬಿದ್ದ ಎಲೆಕ್ಟ್ರಾನುಗಳ ಶಕ್ತಿ ನೋಡಿದೆ. ಹುಳಿ ತಾಗಿ ಮೇಲ್ಪದರದ ಆಂಟಿಮನಿ ಆಮ್ಲಜನಕದ ಕೈ ಹಿಡಿದಿತ್ತು. ಒಂದು ಪದರ ಕೆರೆದು ಮತ್ತೆ ನೋಡಿದೆ. ಒಳಗೆ ನೆನಪು ಹಿಡಿದಿಡುವ ಜರ್ಮೇನಿಯಂ, ಟೆಲ್ಯೂರಿಯಂ ಒಂದನ್ನೊಂದು ಬಿಟ್ಟಿರಲಿಲ್ಲ.

"ಅಳಿಸ್ಬೇಡಿ ಸಾರ್. ಇದು ಬರೀ ಕಿಲುಬು," ಎಂದೆ. ನನ್ನ ದನಿ ಅಷ್ಟು ಗಟ್ಟಿಯಾಗಿರುತ್ತದೆಂದು ನನಗೇ ಗೊತ್ತಿರಲಿಲ್ಲ.

ಕಿಲುಬೆಲ್ಲ ತೆಗೆದು ಓಲೆ ತೊಡಿಸಿದೆ. ಪುಟ್ಟನಂಜಮ್ಮ ಮಗಳನ್ನು ದಿಟ್ಟಿಸಿದರು.

"ಏನೇ ಇದು ತಲೆ, ಎಣ್ಣೆ ಕಂಡು ಎಷ್ಟ್ ದಿನ ಆಯ್ತು?"

ಸೌಭಾಗ್ಯ ಜಡೆ ಬಿಚ್ಚಿ ಅಮ್ಮನ ಮುಂದೆ ಕೂತಳು.