ಕೋವಿಯ ಜಾಗದಲ್ಲಿ

ಅಗ್ಗಿಷ್ಟಿಕೆಯ ಮೇಲಿನ ಗೋಡೆಯಲ್ಲಿ ಗಂಡನ ಅಜ್ಜನ ಕಾಲದಿಂದ ತೂಗುತ್ತಿದ್ದ ಕೋವಿಯನ್ನು ದೇಚಮ್ಮ ತಾನೇ ಇಳಿಸಿದಳು. ಕೊಡಗಿನ ಆ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಅಂಗಳದಲ್ಲಿ ಜೋಡಿ ಗುಂಡು ಹಾರಿಸುತ್ತಾರೆ. ಸದ್ದು ಕಿವಿಗೆ ಬಿದ್ದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಆ ಕೋವಿ ಕಣ್ಣೆದುರಿಗಿರುವುದೇ ಅವಳಿಗೆ ಬೇಡವಾಗಿತ್ತು.

“ಟಿವಿ ಇಷ್ಟು ಮೇಲೆ ಹಾಕಿದ್ರೆ ನೋಡೋರಿಗೆ ಕುತ್ತಿಗೆ ನೋಯುತ್ತೆ ಅಕ್ಕಾ,” ಎಂದ ಗೋಡೆ ಕೊರೆಯಲು ಬಂದವನು.

“ಮಲಗಿದೋರಿಗೆ ನೋಯಲ್ಲ. ಹಾಕಪ್ಪ.”

ಮರದಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ ಗಂಡ ಉತ್ತಯ್ಯ ಎದುರಿನ ಮಂಚದಲ್ಲಿದ್ದ. ಮೊದಮೊದಲು ಮನೆ ತುಂಬ ಜನ. ಆತ ಇನ್ನು ಏಳುವುದಿಲ್ಲವೆಂದು ಗೊತ್ತಾದ ಮೇಲೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. “ಅವ್ರಿಗೂ ತೋಟದ ಕೆಲಸ ಇರುತ್ತಲ್ಲ,” ಎನ್ನುತ್ತಿದ್ದ ಉತ್ತಯ್ಯ, ತೆರೆದ ಬಾಗಿಲ ಕಡೆಗೇ ನೋಡುತ್ತ.

ಕೊರೆಯುವವನು ಕೆಲಸ ಮುಗಿಸಿ ಹೋದ. ಟಿವಿಯಲ್ಲಿ ಯಾವುದೋ ಹೊಡೆದಾಟದ ಸಿನಿಮಾ.

“ಸೌಂಡ್ ಜಾಸ್ತಿ ಮಾಡು,” ಎಂದ ಉತ್ತಯ್ಯ. ದೇಚಮ್ಮ ಪೂರ್ತಿ ಏರಿಸಿ ಅಡುಗೆಮನೆಗೆ ಹೋದಳು. ಸಿನಿಮಾದಲ್ಲಿ ಎರಡು ಗುಂಡು ಹಾರಿದವು, ಒಂದರ ಬೆನ್ನಿಗೆ ಒಂದು.

ಅನ್ನ ಬೇಯುವಷ್ಟರಲ್ಲಿ ಅಂಗಳದಲ್ಲಿ ಹೆಜ್ಜೆ ಸದ್ದು. ಅವಳು ಕಿಟಕಿಯಲ್ಲಿ ಇಣುಕಿದಳು. ಕೆಳಮನೆಯವರು, ತೋಟದಾಚೆಯವರು, ಎಲ್ಲರೂ ಬಿಳಿ ಬಟ್ಟೆಯುಟ್ಟು ತಲೆ ತಗ್ಗಿಸಿ ಬರುತ್ತಿದ್ದರು.

“ಅಯ್ಯೋ, ತಪ್ಪು ತಿಳ್ಕೊಂಡಿದ್ದಾರೆ. ಹೋಗಿ ಹೇಳ್ತೀನಿ,” ಎಂದು ಮಂಚದ ಪಕ್ಕದಿಂದ ಬಾಗಿಲಿಗೆ ಧಾವಿಸಿದವಳ ಕೈಯನ್ನು ಉತ್ತಯ್ಯ ಹಿಡಿದುಕೊಂಡ.

“ಈಗಲೇ ಹೇಳ್ಬೇಡ. ಟಿವಿ ಆಫ್ ಮಾಡು. ಬಂದೋರು ಸ್ವಲ್ಪ ಹೊತ್ತು ಕೂತ್ಕೊಳ್ಲಿ, ನಾನು ಕಣ್ಣು ಮುಚ್ಕೊಂಡಿರ್ತೀನಿ.”