ಕೂಲಂಕುಶ ವಿಚಾರಣೆ

"ಹೆಸರು ಆಮೇಲೆ," ಎಂದರು ಮೇಷ್ಟ್ರು, ಹಳೆಯ ನೋಟುಬುಕ್ಕೊಂದನ್ನು ಇನ್ಸ್‌ಪೆಕ್ಟರಮ್ಮನ ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಊರಿ. "ಕೊನೇ ಪುಟಕ್ಕೆ ಮುಂಚೆ ಹೆಸರು ಹೇಳಿದ್ರೆ ಕಥೆ ಕೆಟ್ಟ ಹಾಗೆ."

ಇನ್ಸ್‌ಪೆಕ್ಟರಮ್ಮ ಬೇರೆ ಊರಿನಿಂದ ವರ್ಗವಾಗಿ ಬಂದು ತಿಂಗಳಾಗಿತ್ತಷ್ಟೆ. ಮೂವತ್ತೆರಡು ವರ್ಷ ಊರಿನ ಮಕ್ಕಳಿಗೆ ವ್ಯಾಕರಣ ಕಲಿಸಿ ನಿವೃತ್ತರಾದ ಮೇಷ್ಟ್ರು ಈಗ ಪತ್ತೇದಾರಿ ಕಾದಂಬರಿಕಾರರು. ಪೊಲೀಸರು ಕೈಚೆಲ್ಲಿದ ಕೇಸುಗಳೆಂದರೆ ಅವರಿಗೆ ಪಂಚಪ್ರಾಣ. ಮೂರು ಕಾದಂಬರಿ ಬರೆದು, ತಾವೇ ಅಚ್ಚು ಹಾಕಿಸಿ, ಬೇಡ ಎಂದವರಿಗೂ ಹಂಚಿದ್ದರು. ಮೂರರಲ್ಲೂ ಕೊಲೆಗಾರ ಒಂದು ಒತ್ತಕ್ಷರ ತಪ್ಪಿ ಸಿಕ್ಕಿಬೀಳುತ್ತಾನೆ. ನಾಲ್ಕನೆಯದಕ್ಕೆ ಅವರು ಆರಿಸಿಕೊಂಡದ್ದು ನಿಜವಾದ ಕೇಸನ್ನೇ.

ಇಪ್ಪತ್ತೊಂದು ವರ್ಷದ ಹಿಂದೆ ಔಷಧಿ ಅಂಗಡಿಯವರು ಮಹಡಿಯಿಂದ ಬಿದ್ದು ಸತ್ತಿದ್ದರು. ವಾರದ ಮೇಲೆ ಸ್ಟೇಷನ್ನಿಗೆ ಸಹಿಯಿಲ್ಲದ ಕಾಗದವೊಂದು ಬಂತು: 'ಅವರು ಜಾರಿ ಬಿದ್ದಿಲ್ಲ. ತಳ್ಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೂಲಂಕಷವಾಗಿ ವಿಚಾರಿಸಿ.' ಬರೆದವನು ಯಾರೆಂದು ತಿಳಿಯಲಿಲ್ಲ, ಕೇಸು ಧೂಳು ತಿನ್ನುತ್ತ ಕೂತಿತು. ಸತ್ತವರ ಹೆಂಡತಿ ಮಾತ್ರ ಸ್ಟೇಷನ್ನಿನ ಹೊಸ್ತಿಲು ಸವೆಸುವುದನ್ನು ಬಿಡಲಿಲ್ಲ. ಈಗಲೂ ಆಕೆ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು. ಇವತ್ತು ಎಲ್ಲಾ ಬಯಲಾಗುತ್ತೆ ಬನ್ನಿ ಎಂದು ಕರೆತಂದವರು ಮೇಷ್ಟ್ರೇ.

"ಕೈಬರಹ ಬದಲಾಯಿಸಬಹುದು ಮೇಡಂ, ಕಾಗುಣಿತ ಬದಲಾಗಲ್ಲ. ಕೂಲಂಕುಶ ಅಂತ ಇರಬೇಕಾದ ಕಡೆ ಈ ಪುಣ್ಯಾತ್ಮ ಕೂಲಂಕಷ ಅಂತ ಬರೆದಿದಾನೆ. ಆನೇನ ಅಂಕುಶದಲ್ಲಿ ತಿವಿದ ಹಾಗೆ ತಿವಿದು ತಿವಿದು ನೋಡೋದೇ ಕೂಲಂಕುಶ. ಇಡೀ ಊರಿಗೆ ಹೇಳಿಕೊಟ್ಟಿದೀನಿ."

"ನಮಗೂ ಹಾಗೇ ಹೇಳಿಕೊಟ್ಟಿದ್ದು ಮೇಡಂ," ಎಂದ, ಹೇಳಿಕೆ ಬರೆದುಕೊಳ್ಳಲು ಕೂತಿದ್ದ ಪೇದೆ. ಸ್ಟೇಷನ್ನಿನಲ್ಲಿ ಅವನನ್ನು ರೈಟರ್ ಎನ್ನುತ್ತಾರೆ. ಊರಿಗೆಲ್ಲ ತಾವೊಬ್ಬರೇ ರೈಟರ್ ಎಂದುಕೊಂಡಿದ್ದ ಮೇಷ್ಟ್ರಿಗೆ ಆ ಹೆಸರು ಕೇಳಿದರೇ ಮೈ ಉರಿಯುತ್ತಿತ್ತು. ಹಳೇ ಶಿಷ್ಯನೆಂದು ಸಹಿಸಿಕೊಂಡಿದ್ದರು.

"ಇವನಿಗಿಂತ ಎಷ್ಟೋ ವರ್ಷ ಮುಂಚೆ ಒಬ್ಬ ಇದ್ದ," ಮೇಷ್ಟ್ರು ಸ್ವರ ತಗ್ಗಿಸಿದರು. "ನನ್ನ ಸರ್ವೀಸಿನಲ್ಲಿ ಈ ತಪ್ಪು ಮಾಡಿದವನು ಅವನೊಬ್ಬನೇ. ನೂರು ಸಲ ಸರಿಯಾಗಿ ಬರ್ಕೊಂಡು ಬಾ ಅಂದ್ರೆ, ನೂರು ಸಲಾನೂ ಕಷ ಕಷ ಅಂತಲೇ ಬರ್ಕೊಂಡು ಬಂದ, ಮೊಂಡ. ಕೈಯಲ್ಲಿ ಬಾಸುಂಡೆ ಬರೋ ಹಾಗೆ ಬಾರಿಸಿದ್ದೆ. ನೋಡಿ, ಇದು ನನ್ನ ತಪ್ಪಿನ ಪುಸ್ತಕ. ಹುಡುಗರು ಮಾಡಿದ ತಪ್ಪೆಲ್ಲ ತಾರೀಖಿನ ಸಮೇತ ಇದರಲ್ಲಿದೆ. ಅವನು ಈಗಲೂ ಇದೇ ಊರಲ್ಲಿದಾನೆ."

ಇನ್ಸ್‌ಪೆಕ್ಟರಮ್ಮ ಕಾಗದವನ್ನು ಇನ್ನೊಮ್ಮೆ ನೋಡಿದರು. "ಆದ್ರೆ ಸರ್, ಕೂಲಂಕಷ ಅನ್ನೋದೇ ಸರಿ ಅಲ್ವಾ?"

ಮೇಷ್ಟ್ರು ಕನಿಕರದಿಂದ ನಕ್ಕರು. ಅವರ ಚೀಲದಲ್ಲಿ ಸದಾ ನಿಘಂಟು ಇರುತ್ತಿತ್ತು, ಬೇರೆಯವರ ತಪ್ಪು ತೋರಿಸಲಿಕ್ಕೆ. ಈ ಪದವನ್ನು ಮಾತ್ರ ಅವರು ಒಂದು ದಿನವೂ ಹುಡುಕಿರಲಿಲ್ಲ. ಗೊತ್ತಿರುವುದನ್ನು ಯಾರು ಹುಡುಕುತ್ತಾರೆ? ನಿಘಂಟು ತೆಗೆದು, ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿದರು. ಕೂಲ ಎಂದರೆ ದಡ, ಕಷ ಎಂದರೆ ಉಜ್ಜುವುದು. ದಡವನ್ನು ಉಜ್ಜಿಕೊಂಡು ಹರಿಯುವ ಹೊಳೆಯ ಹಾಗೆ ಪೂರ್ತಿಯಾಗಿ ನೋಡುವುದು ಕೂಲಂಕಷ. ಅಲ್ಲಿ ಅಂಕುಶವೂ ಇರಲಿಲ್ಲ, ಆನೆಯೂ ಇರಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಇನ್ಸ್‌ಪೆಕ್ಟರಮ್ಮನಿಗೆ ಮಾತ್ರ ಹುರುಪು. "ಒಳ್ಳೇದೇ ಆಯ್ತಲ್ಲ ಸರ್. ಊರಿಗೆ ಊರೇ ತಪ್ಪು ಬರೆಯುತ್ತೆ, ಒಬ್ಬ ಮಾತ್ರ ಸರಿ ಬರೀತಾನೆ. ಇದಕ್ಕಿಂತ ಒಳ್ಳೇ ಸುಳಿವು ಬೇಕಾ? ಕೋರ್ಟಲ್ಲಿ ನೀವು ಒಂದು ಮಾತು ಹೇಳಬೇಕಾಗುತ್ತೆ, ಅಷ್ಟೇ. ಮೂವತ್ತೆರಡು ವರ್ಷ ನಾನೇ ತಪ್ಪು ಹೇಳಿಕೊಟ್ಟೆ, ಸರಿ ಬರೆದವನಿಗೆ ಹೊಡೆದೆ ಅಂತ. ರೈಟರ್, ಬರ್ಕೊಳ್ಳಿ. ಅವನ ಹೆಸರೇನು ಸರ್?"

ರೈಟರ್ ಪೆನ್ನು ಹಿಡಿದು ಗುರುಗಳ ಮುಖ ನೋಡಿದ. ಮೇಷ್ಟ್ರ ಕಣ್ಣ ಮುಂದೆ ಬಾಸುಂಡೆ ಎದ್ದ ಪುಟ್ಟ ಅಂಗೈ ಬಂತು, ಹೊರಗೆ ಬೆಂಚಿನ ಮೇಲೆ ಕೂತವರ ಮುಖ ಬಂತು. ನಾಳೆ ಪೇಪರಿನಲ್ಲಿ 'ತಪ್ಪು ಕಲಿಸಿದ ಮೇಷ್ಟ್ರು' ಎಂದು ಬರಲಿರುವ ತಮ್ಮ ಫೋಟೋವೂ ಬಂತು, ಅದೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಗಂಟಲಿಗೆ ಬಂದಿದ್ದ ಹೆಸರನ್ನು ಅವರು ಎಂಜಲಿನ ಜೊತೆ ನುಂಗಿಕೊಂಡರು.

"ನೆನಪಾಗ್ತಿಲ್ಲ ಮೇಡಂ."

"ಪುಸ್ತಕದಲ್ಲಿದೆ ಅಂದ್ರಲ್ಲ?"

"ಇತ್ತು. ಆ ಪುಟ ಗೆದ್ದಲು ತಿಂದಿದೆ." ಮೇಷ್ಟ್ರು ನೋಟುಬುಕ್ಕನ್ನು ಕಂಕುಳಿಗೆ ಸೇರಿಸಿ ಎದ್ದರು. "ವಯಸ್ಸಾಯ್ತು ನೋಡಿ. ಬೇರೆ ಯಾವುದೋ ಪದ, ಇನ್ಯಾವನೋ ಹುಡುಗ ಇರಬೇಕು. ಸುಮ್ಮನೆ ಯಾರ ತಲೆಗೋ ಕಟ್ಟೋದು ಪಾಪ." ಇನ್ಸ್‌ಪೆಕ್ಟರಮ್ಮ ಮತ್ತೇನೋ ಕೇಳುವಷ್ಟರಲ್ಲಿ ಅವರು ಬಾಗಿಲು ದಾಟಿದ್ದರು.

ಹೊರಗೆ ಆಕೆ ಬೆಂಚಿನಿಂದ ಎದ್ದು ಎದುರು ಬಂದರು. "ಆ ಕಾಗದ ಬರೆದವರು ಯಾರಂತೆ ಮೇಷ್ಟ್ರೇ?"

"ಗೊತ್ತಾಗಲಿಲ್ಲ ತಾಯಿ. ಸುಳಿವು ಸಾಲ್ದು."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರ ಮುಖ ಬಾಡಿದ್ದನ್ನು ಕಂಡು ಅವರಿಗೇ ಸಮಾಧಾನ ಹೇಳಿದರು: "ನೀವ್ಯಾಕೆ ಸಪ್ಪಗಾಗ್ತೀರಿ, ಬಿಡಿ. ಗೊತ್ತಿದ್ದವರೇ ಬಾಯಿ ಮುಚ್ಕೊಂಡು ಕೂತ್ರೆ ನೀವಾದ್ರೂ ಏನ್ಮಾಡೋಕಾಗುತ್ತೆ?"